ಐದು ಗಂಟೆಯ ಟೀ

ಮುದುಕರಿಗೆ ಸಂಜೆ ಐದರ ಟೀ ಸಿಕ್ಕಿತೋ ಇಲ್ಲವೋ ಎಂಬುದು ಸರ್ಕಾರವೇ ಎದ್ದು ಕೂರಬೇಕಾದಷ್ಟು ಗಹನವಾದ ವಿಷಯ. ಹಿರಿಯರ ಮಾನಸಿಕ ಆಸ್ಪತ್ರೆಯಲ್ಲಿ ಅಣ್ಣನನ್ನು ನೋಡಲು ಸಂಜೆಯ ಸಾಲಿನಲ್ಲಿ ನಿಂತಿದ್ದ ನಿವೃತ್ತ ಲೈಬ್ರರಿಯನ್ನರಿಗೆ ಇದು ತಿಳಿದದ್ದು ಮುಂದಿದ್ದ ಅತ್ತಿಗೆ ನಾದಿನಿಯರಿಂದ. ಅವರು ಪಿಸುಗುಟ್ಟುತ್ತಿದ್ದರು; ಇಡೀ ಸಾಲಿಗೆ ಕೇಳುತ್ತಿತ್ತು.

"ಅತ್ತಿಗೆ, ನಾಲ್ಕಕ್ಕೇ ನಿದ್ದೆ ಮಾತ್ರೆ ಕೊಟ್ಟು ಎಲ್ಲರನ್ನೂ ಮಲಗಿಸಿಬಿಡ್ತಾರೆ ಅಂತ ನಾನು ಮೂರು ಅರ್ಜಿ ಬರೆದೆ. ಒಬ್ರೂ ಕ್ಯಾರೇ ಅನ್ನಲಿಲ್ಲ."

"ನಿಮ್ಮಮ್ಮ ವಾರ್ಡಿನಿಂದ್ಲೇ ಸರ್ಕಾರಕ್ಕೆ ಒಂದೇ ಕಾಗದ ಬರೆದ್ರು ನೋಡು. 'ನನಗೆ ಸಂಜೆ ಟೀ ಸಿಗ್ತಿಲ್ಲ.' ಅಷ್ಟೇ."

"ಅಷ್ಟಕ್ಕೇ ತಪಾಸಣೆಗೆ ಬಂದ್ರಾ?"

"ಅಧಿಕಾರಿ ಸರಿಯಾಗಿ ಐದಕ್ಕೇ ಬಂದ್ರು. ಮೇಟ್ರನ್ನಮ್ಮನಿಗೆ ಮೊದಲೇ ಸುದ್ದಿ ಸಿಕ್ಕಿತ್ತು, ನಲವತ್ತು ಲೋಟ ಟೀ ತುಂಬಿಸಿ ಸಾಲಾಗಿ ಇಟ್ಟಿದ್ರು. ಆದ್ರೆ ಮಾತ್ರೆ ದಿನದ ಹಾಗೇ ಕೊಟ್ಟುಬಿಟ್ಟಿದ್ರು! ಕುಡಿಯೋಕೆ ಎದ್ದಿರೋರು ಯಾರು? ವಾರ್ಡೆಲ್ಲಾ ಗೊರಕೆ."

"ಅಮ್ಮನೂ?"

"ಅವರೆಲ್ಲಿ ಮಲಗ್ತಾರೆ! ಮಾತ್ರೇನ ದವಡೇಲಿ ಇಟ್ಕೊಂಡು ಕೂತಿದ್ರಂತೆ. ಅದನ್ನ ಅಧಿಕಾರಿ ಅಂಗೈಗೇ ಉಗಿದು, 'ಟೀ ಬಂತು ಸ್ವಾಮಿ, ಈಗ ಇವರನ್ನ ಎಬ್ಬಿಸಿ ನೋಡೋಣ' ಅಂದ್ರಂತೆ."

"ಅಯ್ಯೋ, ನಮ್ಮಮ್ಮ ಇಷ್ಟು ಚಾಲಾಕಾ!"

"ಮೂವತ್ತು ವರ್ಷದಿಂದ ಅವರ ಸೊಸೆ ಆಗಿದ್ದೀನಿ. ನನ್ನ ಕೇಳು."

ಕಿಟಕಿಯಿಂದ ಚೀಟಿ ಬಂದದ್ದೇ ತಡ, ಇಬ್ಬರೂ ಕೋಟೆ ಗೆದ್ದವರ ಹಾಗೆ ಒಳಗೆ ನಡೆದರು. ಡಾಕ್ಟರು ಬರೆಯದ ಮಾತ್ರೆ ಕೊಡಕೂಡದೆಂಬ ಆದೇಶವನ್ನು ಬಾಗಿಲಿಗೆ ಅಂಟಿಸಿದ್ದರು. ಅದರ ಗೋಂದು ಇನ್ನೂ ಆರಿರಲಿಲ್ಲ.

ಲೈಬ್ರರಿಯನ್ನರು ಒಳಗೆ ಹೋದಾಗ ಅವರ ಅಣ್ಣ ಎಚ್ಚರವಾಗಿದ್ದರು.