ಕಲ್ಲಮ್ಮ ಹೇಳಿದ್ದು

ಅಲ್ಲ ಕಣಪ್ಪ, ಹೊಲ ಉಳೋನಿಗೆ, ಮುದ್ದೆ ತೊಳಸೋಳಿಗೆ ಅಕ್ಷರ ಯಾಕೆ ಅಂತೀಯಲ್ಲ, ನಿನ್ನ ಬಾಯಿಗೆ ಬಿಸಿ ಮುದ್ದೆ ಇಕ್ಕ! ಕೂತ್ಕೋ. ಕೇಳು. ಎಲ್ಲಾ ಕೇಳಿ ಆಮೇಲೆ ಬೇಕಾದ್ರೆ ಇನ್ನೊಂದ್ಸಲ ಕೇಳು.

ಹೆಸರು ಕಾಗೆಗೂ ಮರೆತುಹೋಗಿರೋ ಒಂದು ಸೀಮೆ. ಅಲ್ಲೊಂದು ಊರು. ಊರಿಗೊಂದು ಬಾವಿ. ಬಾವಿ ಮೇಲುಕೇರಿಲಿ. ಕೆಳಕೇರಿಯೋರು ಅದಕ್ಕೆ ಹಗ್ಗ ಇಳಿಸೋ ಹಾಗಿಲ್ಲ. ಯಾಕೆ? ಪಟೇಲ ಬೋರಪ್ಪ ಬೇಡ ಅಂದಿದ್ದ. ಅವನಪ್ಪ ಬೇಡ ಅಂದಿದ್ದ. ಅವನ ತಾತನೂ ಬೇಡ ಅಂದಿದ್ದ. ಮೂರು ತಲೆಮಾರು ಬೆವರು ಸುರಿಸಿ ಸಂಪಾದಿಸಿದ್ದು ಅದೊಂದೇ ಮಾತು.

ಬಾವಿ ದಾರಿ ಪಕ್ಕ ಒಂದು ನಿಂತ ಕಲ್ಲು. ಕಲ್ಲಮ್ಮ ಅಂತಿದ್ರು. ಕೆಳಕೇರಿ ಹೆಂಗಸರು ದೂರದ ಹಳ್ಳಕ್ಕೆ ನೀರಿಗೆ ಹೋಗ್ತಾ, ಅದಕ್ಕೆ ಎಣ್ಣೆ ಹೊಯ್ದು, ಅರಿಶಿನ ಮೆತ್ತಿ, "ತಾಯೀ, ನೀರು ಹತ್ತಿರ ಮಾಡು" ಅಂತ ಕೈಮುಗಿಯೋರು. ಪಟೇಲನೂ ದಿನಾ ಬೆಳಿಗ್ಗೆ ಅಡ್ಡಬೀಳೋನು. ತಾಯಿ ಎಲ್ರ ಮಾತೂ ಕೇಳಿಸ್ಕೊಳೋಳು. ಕಲ್ಲಲ್ವಾ, ಬೇರೆ ಏನು ಕೆಲಸ?

ಕೆಳಕೇರಿ ಸಣ್ಣೀರಮ್ಮ ಹಳ್ಳದ ಇಳಿಜಾರಲ್ಲಿ ಒಂದ್ಸಲ ಬಿದ್ಲು, ಕೊಡ ಹೋಯ್ತು. ಇನ್ನೊಂದ್ಸಲ ಬಿದ್ಲು, ಹಲ್ಲು ಹೋಯ್ತು. ಮೂರನೇ ಸಲ ಸೊಂಟವೇ ಹೋಯ್ತು. ಈಗ ಕೊಡ ಹೊರೋಳು ಸೊಸೆ ಪುಟ್ಟನಿಂಗಿ. ತುಂಬಿದ ಬಸುರಿ. ಅವಳೂ ಜಾರಿದ್ರೆ ಹೋಗೋದು ಕೊಡ ಮಾತ್ರವಾ? ನೀವೇ ಹೇಳಿ.

ಚೊಚ್ಚಲ ಬಸುರಿ ಕಲ್ಲಮ್ಮನಿಗೆ ಸೀಗೇಪುಡಿ ಹಾಕಿ ಮೀಯಿಸಬೇಕು, ಅದು ಪದ್ಧತಿ. ಎಲ್ರೂ ಒಂದು ಚೊಂಬು ಸುರಿದು ಬರೋರು. ಇವಳದ್ದು ತೌರಲ್ಲಿ ಎಮ್ಮೆ ತೊಳೆದ ಕೈ. ಉಜ್ಜಿದ್ಲು, ಉಜ್ಜಿದ್ಲು, ಉಜ್ಜಿದ್ಲು. ಅರಿಶಿನ ಚಕ್ಕೆ ಚಕ್ಕೆಯಾಗಿ ಉದುರ್ತು, ಅಡೀಲಿ ಕೆತ್ತಿದ ಅಕ್ಷರ ಕಾಣ್ತು.

"ಅಯ್ಯಯ್ಯೋ, ದೇವರ ಸಿಪ್ಪೆ ಸುಲಿದ್ಲಪ್ಪೋ!" ಅಂತ ಅತ್ತೆ ಕೂಗಿಕೊಂಡ್ಲು.

ತೌರಲ್ಲಿ ಎಮ್ಮೆ ಜೊತೆ ಅಕ್ಷರಾನೂ ಕಂಡಿದ್ಲು ಪುಟ್ಟನಿಂಗಿ. "ಅತ್ತೆ, ಇಲ್ಲಿ ಬರೆದಿದೆ. ಈ ಬಾವಿ ನೀರು ಎಲ್ಲಾ ಕೇರಿಯೋರಿಗೂ ಅಂತ!"

ನೋಡಿ ಅನ್ಯಾಯ! ನೀರು ಕೊಡು ಅಂತ ಯಾರನ್ನ ಬೇಡ್ತಿದ್ರೋ, ಅವಳೇ "ತಗೊಳ್ರೇ" ಅಂತ ಹೇಳ್ತಾ ನಿಂತಿದ್ಲು. ಅವಳ ಬಾಯಿಗೇ ಅರಿಶಿನ ಮೆತ್ತಿದ್ರು! ಅಂಗೈಲಿ ಬೆಣ್ಣೆ ಇಟ್ಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ್ರಂತೆ. ಏಳು ಸಮುದ್ರ ದಾಟಿ ಹೋಗಿ, ಓದು ಬರದ ಕಡೆ ಇಂಥದ್ದೊಂದು ಕಲ್ಲು ಇದ್ದೇ ಇರುತ್ತೆ. ಪಕ್ಕದಲ್ಲಿ ಒಬ್ಬ ಪಟೇಲನೂ ಇರ್ತಾನೆ.

ಪಟೇಲ ಓಡಿಬಂದ. ಅವನಿಗೂ ಅಕ್ಷರ ಬರದು. "ಬಸುರಿ ಹುಡುಗಿ, ಏನೋ ಬಡಬಡಿಸ್ತಾಳೆ. ಓದಿದೋರನ್ನ ಕರೆಸ್ತೀನಿ."

ಮೂಡಲೂರ ಜೋಯಿಸರು ಬಂದ್ರು. ಅದನ್ನೇ ಓದಿದ್ರು. "ಇವರಿಗೆ ಕಣ್ಣಲ್ಲಿ ಪೊರೆ" ಅಂದ ಪಟೇಲ. ಪಡುವಲೂರ ಐನೋರು ಬಂದ್ರು. ಅದನ್ನೇ ಓದಿದ್ರು. "ಇವರಿಗೆ ಬಿಸಿಲು ಹತ್ತಿದೆ" ಅಂದ. ಕೊನೆಗೆ ಸ್ವಂತ ಅಳಿಯನ್ನೇ ಕರೆಸಿದ. ಊರೆಲ್ಲ ನೆರೀತು.

ಅಳಿಯನೂ ಅದನ್ನೇ ಓದಿದ. ಆಮೇಲೆ ತಲೆ ಕೆರ್ಕೊಂಡ. "ಮಾವ, ಕೆಳಗೆ ಇನ್ನೊಂದು ಸಾಲಿದೆ. ಓದ್ಲಾ, ಬೇಡ್ವಾ?"

"ಓದಯ್ಯಾ, ಗಟ್ಟಿಯಾಗಿ ಓದು!"

"ಬೇಡ ಅಂದೋನು ಕತ್ತೆ. ಅವನ ಮಗ ಕತ್ತೆ. ಮೊಮ್ಮಗನೂ ಕತ್ತೆ."

ಯಾರೂ ನಗಲಿಲ್ಲ. ಅಗಸರ ಕತ್ತೆ ಮಾತ್ರ ಒಂದ್ಸಲ ಅರಚ್ತು. ಪಾಪ, ಅದಕ್ಕೆ ಬೇಜಾರಾಗಿತ್ತೋ ಏನೋ.

ಪುಟ್ಟನಿಂಗಿ ಬಾವಿಗೆ ಹಗ್ಗ ಇಳಿಸಿದ್ಲು. ಯಾರೂ ತಡೀಲಿಲ್ಲ. ತಡೆದ್ರೆ ಏನಾಗ್ತೀವಿ ಅಂತ ಈಗ ಎಲ್ರಿಗೂ ಗೊತ್ತಲ್ಲ!

ಬಾವಿ ನೀರು ಬಾವೀಲಿ, ಕಥೆ ನಿಮ್ಮ ಕೊಡದಲ್ಲಿ. ಏಳಿ ಇನ್ನು.

ಏನು? ಪಟೇಲ ಮನೆಗೆ ಹೋದ್ಮೇಲೆ ಏನಾಯ್ತು ಅಂತೀರಾ? ಕೈಕಾಲು ತೊಳೆದು ಊಟಕ್ಕೆ ಕೂತ. ಹೆಂಡ್ತಿ ಮುದ್ದೆ ಇಕ್ಕಿ ಅಂದ್ಲಂತೆ: "ನಾಳೆಯಿಂದ ಆ ಹುಡುಗಿ ಹತ್ರ ನಾನೂ ಅಕ್ಷರ ಕಲೀತೀನಿ. ಇಷ್ಟು ವರ್ಷ ಯಾರಿಗೆ ಬಡಿಸ್ತಿದ್ದೆ ಅಂತ ಕಲ್ಲಿಗೂ ಗೊತ್ತಿತ್ತು, ನನಗೇ ಗೊತ್ತಿರ್ಲಿಲ್ಲ."