ಕುಡಿ ಚಿವುಟಿದ ಹೊಲ

ಒಂದೂರು, ಅಲ್ಲೊಬ್ಬ ಶ್ರೀಮಂತ. ಹೆಸರು ಬೇಡ. ಹೆಸರು ಹೇಳಿದರೆ ನೀವೆಲ್ಲ ಪಕ್ಕದವರ ಮುಖ ನೋಡುತ್ತೀರಿ.

ಅವನದು ಇಪ್ಪತ್ತೆಕರೆ ಎರೆಹೊಲ, ಅದರ ತುಂಬ ಕಡಲೆ. ಆ ಸಲ ಮಠದಲ್ಲಿ ಎಲ್ಲರೆದುರು ಮಾತು ಕೊಟ್ಟಿದ್ದ: "ಯುಗಾದಿ ದಾಸೋಹದ ಹೋಳಿಗಿಗೆ ಬ್ಯಾಳಿ ನನ್ನ ಹೊಲದ್ದ. ಮತ್ತೊಬ್ಬರದು ಒಂದು ಕಾಳೂ ಬ್ಯಾಡ." ಮಾತು ದೊಡ್ಡದು. ಬೆಳೆ ಬರಬೇಕಲ್ಲ?

ಕಡಲೆ ಗಿಡ ಗೇಣುದ್ದ ಆದಾಗ ಊರಿನ ಹೆಂಗಸರು ಬಂದು ಕುಡಿ ಚಿವುಟಿ ಪಲ್ಯಕ್ಕೆ ಒಯ್ಯುವುದು ವಾಡಿಕೆ. ಯಾರ ಹೊಲವೆಂದು ಯಾರೂ ಕೇಳುತ್ತಿರಲಿಲ್ಲ. ಈ ಸಲ ಶ್ರೀಮಂತ ಬದುವಿನ ಮೇಲೆ ಕೋಲು ಹಿಡಿದು ನಿಂತ. "ದೇವರ ಬ್ಯಾಳಿ ಐತಿ ಇದು. ಒಂದು ಎಲಿ ಮುಟ್ಟೀರಿ, ಜೋಕಿ!" ಎಂದ. ನೋಡಿ, ದೇವರ ಹೆಸರು ಹೇಳಿದರೆ ಜಿಪುಣತನವೂ ಭಕ್ತಿಯ ಹಾಗೆ ಕಾಣುತ್ತದೆ. ಹೆಂಗಸರು ಪಕ್ಕದ ಅಜ್ಜಿಯ ನಾಲ್ಕೆಕರೆಗೆ ಹೋದರು. "ಬರ್ರವ್ವಾ, ಚಿವುಟರಿ," ಎಂದಳು ಅಜ್ಜಿ.

ಆಮೇಲೆ ಮೋಡ ಕವಿಯಿತು. ಒಂದು ದಿನವಲ್ಲ, ಎರಡು ದಿನವಲ್ಲ, ಮೂರು ವಾರ. ಮಳೆಯಿಲ್ಲ, ಬಿಸಿಲೂ ಇಲ್ಲ. ಬೆಳಕು ಸಾಲದಿದ್ದರೆ ಕಡಲೆ ಗಿಡ ಅದನ್ನು ಹುಡುಕಿಕೊಂಡು ಮೇಲಕ್ಕೇಳುತ್ತದೆ. ಸೊಪ್ಪು ಬರುತ್ತದೆ, ಕಾಯಿ ಕಟ್ಟುವುದಿಲ್ಲ. ಶ್ರೀಮಂತನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ಮೊಣಕಾಲು ಮುಟ್ಟುವ ಹಸಿರು ಕಂಡು ಅವನಿಗೆ ಖುಷಿಯೋ ಖುಷಿ. ಅಜ್ಜಿಯ ಗಿಡ್ಡ ಗಿಡಗಳನ್ನು ನೋಡಿ ಮೀಸೆಯಲ್ಲೇ ನಕ್ಕ.

ಕೀಳುವ ಕಾಲ ಬಂತು. ಒಂದು ಗಿಡ ಕಿತ್ತ, ಎರಡೇ ಕಾಯಿ. ಇನ್ನೊಂದು ಕಿತ್ತ, ಬರೀ ಜೊಳ್ಳು. ಹತ್ತು ಸಾಲು ದಾಟಿದರೂ ಬೊಗಸೆ ತುಂಬ ಕಾಳಾಗಲಿಲ್ಲ. ಮಠದಲ್ಲಿ ಏನು ಹೇಳಲಿ? ಬದು ದಾಟಿ ಹೋಗಿ ನೋಡಿದ. ಅಜ್ಜಿಯ ಗಿಡಗಳು ಟಿಸಿಲಿಗೆ ಟಿಸಿಲು ಒಡೆದು ಕಾಯಿ ಹಿಡಿದಿದ್ದವು. ಪ್ರತಿ ವರ್ಷದಷ್ಟಲ್ಲ, ಆದರೂ ಹಿಡಿದಿದ್ದವು.

"ಆಯಿ, ಮೋಡ ನನ್ನ ಹೊಲದ ಮ್ಯಾಲಷ್ಟ ಇತ್ತೇನು?"

"ಮೋಡ ಇಬ್ಬರಿಗೂ ಒಂದ ಇತ್ರೀ ಸಾವಕಾರ್ರ. ನನ್ನ ಹೊಲದಾಗ ಹೆಣ್ಮಕ್ಕಳು ಕುಡಿ ಚಿವುಟಿದ್ರು, ಇದ್ದಷ್ಟು ಬೆಳಕು ಬುಡಕ್ಕ ಇಳೀತು. ನಿಮ್ಮ ಹೊಲದಾಗ ಎಲಿಗೆ ಎಲಿನ ಮೋಡ ಆತು."

ಆ ಯುಗಾದಿಗೆ ಅಜ್ಜಿಯೂ ಊರವರೂ ಸೇರಿ ಬೇಳೆ ಕೊಟ್ಟರು. ಶ್ರೀಮಂತನೂ ಪಂಕ್ತಿಯಲ್ಲಿ ಕೂತ. ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ ಎಂದು ನಾನು ಹೇಳುವುದಿಲ್ಲ. ತುಪ್ಪ ಹಾಕಿದ್ದರು, ಇಳಿಯಿತು. ಬಡಿಸುತ್ತಿದ್ದವರು ಅವನು ಓಡಿಸಿದ್ದ ಅದೇ ಹೆಂಗಸರು. ನಾಚಿಕೆಯಿಂದ ಅವನು ಎಲೆಯಿಂದ ತಲೆ ಎತ್ತಲಿಲ್ಲ.

ಈಗ ನಿಮ್ಮ ವಿಷಯಕ್ಕೆ ಬರೋಣ. ಮೋಡ ಸರಿಸುವುದು ನಿಮ್ಮ ಕೈಯಲ್ಲಿಲ್ಲ, ನನ್ನ ಕೈಯಲ್ಲೂ ಇಲ್ಲ. ಆ ಕೋಲು ಯಾರ ಕೈಯಲ್ಲಿದೆ? ಹೊಲವಿಲ್ಲದವರು ನಗಬೇಡಿ. ಮೊಸರ ಗಡಿಗೆ ಮುಚ್ಚಿಟ್ಟು "ಮಜ್ಜಿಗಿ ಇಲ್ಲವ್ವಾ" ಎಂದವರು ಇಲ್ಲೇ ಕೂತಿದ್ದೀರಿ. ಬೋರಿನ ನೀರಿಗೆ ಬೀಗ ಹಾಕಿ, ದೇವರಿಗೆ ಕೊಡಗಟ್ಟಲೆ ಅಭಿಷೇಕ ಮಾಡಿಸುವವರೂ ಇದ್ದೀರಿ. ನಾಳೆ ಬೆಳಿಗ್ಗೆ ಪಕ್ಕದ ಮನೆಯಾಕೆ ತಂಬಿಗೆ ಹಿಡಿದು ಬಂದರೆ ತುಂಬಿಸಿ ಕೊಡಿ. ಕೊಟ್ಟದ್ದನ್ನು ಮಾತ್ರ ಮಠಕ್ಕೆ ಬಂದು ನನಗೆ ಹೇಳಬೇಡಿ.