ರ‍್ಯಾಕೆಟ್ ಹಿಡಿದ ಫೋಟೊ

ಟೆನಿಸ್ ಅಭಿಮಾನಿಗಳ ಆನ್‌ಲೈನ್ ಗುಂಪಿಗೆ ಸೇರಿದ ಆನಂದಪುರದ ಹುಡುಗಿಯ ಫೋಟೊ, ವಿಳಾಸ ಎರಡನ್ನೂ ಸ್ವಾಗತದ ಸಂದೇಶದಲ್ಲಿ ಹಾಕಿದರು. ಮೂರನೇ ದಿನ ಗುಂಪಿನವನೊಬ್ಬ ಅವಳ ಗೇಟಿಗೆ ಬಂದು ನಿಂತ.

ಸಾಗರದ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ನಿಂತಿದ್ದವರು ಗುಂಪು ನಡೆಸುವ ಆತ್ರೇಯ, ಸ್ವಾಗತ ಬರೆಯುವ ಪ್ರೇರಣಾ. ಮಾತಿನಿಂದಲೇ ತಿಳಿಯಿತು.

“ಕಾರ್ಗಲ್‌ನವಳೊಬ್ಳು ಸೇರಿದಾಳೆ. ರ‍್ಯಾಕೆಟ್ ಹಿಡಿದ ಫೋಟೊ, ವಿಳಾಸ ಬಂದಿದೆ. ಸ್ವಾಗತ ಹಾಕು ಪ್ರೇರಣಾ.”

“ಆನಂದಪುರದವಳ ಗೇಟಿಗೆ ಬಂದವನ್ಯಾರು ಅಂತ ಗೊತ್ತಾಯ್ತಾ, ಆತ್ರೇಯಣ್ಣ?”

“ಹೆಲ್ಮೆಟ್ ತೆಗೀಲಿಲ್ಲಂತೆ. ಒಂಬೈನೂರು ಜನದಲ್ಲಿ ಎಲ್ಲಿ ಹುಡುಕೋದು?”

“‘ಗುಂಪಿನ ಪರವಾಗಿ ಸ್ವಾಗತ ಹೇಳೋಕೆ ಬಂದೆ’ ಅಂದ್ನಂತೆ. ಅದು ನಾನು ಬರೆದ ಸ್ವಾಗತ. ಅವನಿನ್ನೂ ಗುಂಪಿನ ಒಳಗೇ ಇದಾನೆ.”

“ಎಲ್ಲರಿಗೂ ಹಾಕಿದೀವಿ, ಪದ್ಧತಿ ಅಲ್ವಾ? ಬಸ್ ಬಂತು, ಬೇಗ ಹಾಕು.”

ಪ್ರೇರಣಾ ಫೋನನ್ನು ಬ್ಯಾಗಿಗೆ ಹಾಕಿದಳು.

“ನೀವು ಹತ್ತಿ. ನಾನು ಹಾಕಲ್ಲ.”